ಸಹಿ ಬಾಕಿಯಿದ್ದ ಹಾಳೆ

ವಿಶ್ವಾಸ ನಮ್ಮ ಮನೆಗೆ ಮೊದಲ ಸಲ ಬಂದದ್ದು, ಬದುಕಿದ್ದ ನನ್ನ ಅಪ್ಪನನ್ನು ಪೇಪರಿನಲ್ಲಿ ಸಾಯಿಸಿದ ಮರುದಿನ.

ಆಗ ಅವರು ಬೀದರಿನ ಒಂದು ಪತ್ರಿಕೆಯ ವರದಿಗಾರ. ತೀರಿಕೊಂಡವರು ಭಾತಂಬ್ರಾದ ನಿವೃತ್ತ ಹೆಡ್‌ಮಾಸ್ತರ ಶಿವರಾಜಪ್ಪ. ಫೋಟೊ ಅಚ್ಚಾದದ್ದು ಭಾಲ್ಕಿಯ ನಿವೃತ್ತ ಹೆಡ್‌ಮಾಸ್ತರ ಶಿವರಾಜಪ್ಪನದು, ಅಂದರೆ ನಮ್ಮಪ್ಪನದು. ಹಾರ ಹಿಡಿದು ಬಂದವರಿಗೆ ಅಪ್ಪನೇ ಬಾಗಿಲು ತೆಗೆದು ಚಹಾ ಕೊಡಿಸಿದ್ದ.

ಕ್ಷಮೆ ಕೇಳಲು ಬಂದ ವಿಶ್ವಾಸ ತಲೆ ಎತ್ತಲಿಲ್ಲ. ಅಪ್ಪನಿಗೋ ನಗು.

“ಕೊಂದಂವ ನೀನ, ಇನ್ನ ನೀನ ಬದುಕಸು. ನನ್ನ ಜೀವನಚರಿತ್ರೆ ಬರಿ” ಅಂದ.

ಅದಾಗಿ ಒಂಬತ್ತು ವರ್ಷ. ವಿಶ್ವಾಸ ನೌಕರಿ ಬಿಟ್ಟು ಮಂದಿಯ ಜೀವನಚರಿತ್ರೆ ಬರೆಯುವುದನ್ನೇ ಕಸುಬು ಮಾಡಿಕೊಂಡರು. ಕಮಠಾಣದ ನಾಟಿ ವೈದ್ಯ, ಔರಾದದ ಬಟ್ಟೆ ವ್ಯಾಪಾರಿ, ಹೀಗೆ ಏಳು ಪುಸ್ತಕ ಬಂದವು. ಅಪ್ಪನದು ಮಾತ್ರ ಮುಗಿಯಲಿಲ್ಲ. ನಡುವೆ ಅಪ್ಪ ನಿಜವಾಗಿಯೂ ತೀರಿಕೊಂಡ. ಆ ಸುದ್ದಿಯನ್ನೂ ವಿಶ್ವಾಸರೇ ಬರೆದುಕೊಟ್ಟರು, ಫೋಟೊವನ್ನು ನಾಲ್ಕು ಸಲ ನನಗೆ ತೋರಿಸಿ.

ಆ ಒಂದು ತಪ್ಪು ಅವರಿಗೆ ಒಂದು ರೂಢಿ ಹಚ್ಚಿತ್ತು. ಬರೆದ ಪ್ರತಿ ಹಾಳೆಯನ್ನೂ ಮನೆಯವರ ಮುಂದೆ ಓದಿ, ಕೆಳಗೆ ಸಹಿ ಹಾಕಿಸಿಕೊಳ್ಳದೆ ಅಚ್ಚಿಗೆ ಕೊಡುತ್ತಿರಲಿಲ್ಲ. ಭಾನುವಾರ ಬೀದರಿನಿಂದ ಬಸ್ಸಿಗೆ ಬರುತ್ತಿದ್ದರು. ವಾರವಿಡೀ ಮಕ್ಕಳಿಗೆ ಗಣಿತ ಹೇಳಿ ಸೋತ ನಾನು ಆ ಎರಡು ತಾಸಿಗಾಗಿ ಕಾಯುತ್ತಿದ್ದೆ. ಇಲ್ಲದ ತಪ್ಪು ಹುಡುಕಿ ಹಾಳೆ ವಾಪಸ್ ಕೊಡುತ್ತಿದ್ದೆ. ಅವರಿಗೂ ಗೊತ್ತಾಗುತ್ತಿತ್ತು. ಕನ್ನಡಕದ ಮೇಲಿಂದ ಒಮ್ಮೆ ನೋಡಿ, ತುಟಿಯಂಚಿನಲ್ಲೇ ನಕ್ಕು, ಹಾಳೆಯನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು.

ಅದರಾಚೆ ಇಬ್ಬರೂ ದಾಟಲಿಲ್ಲ. ಅವರು ಔರಾದದ ಬೌದ್ಧರು, ನಮ್ಮದು ಬಸವಣ್ಣನ ವಚನ ಹೇಳುವ ಮನೆ. ಜಾತಿ ಇಲ್ಲವೆಂದು ಎರಡೂ ಕಡೆ ಬಾಯಿತುಂಬ ಹೇಳುತ್ತೇವೆ. ಮದುವೆಯ ಮಾತು ಬಂದಾಗ ಮಾತ್ರ ಎಲ್ಲರಿಗೂ ಜಾತಿ ನೆನಪಾಗುತ್ತದೆ.

ಕಳೆದ ಭಾನುವಾರ ಕೊನೆಯ ಹಾಳೆ ತಂದರು. ಇದಕ್ಕೆ ಸಹಿ ಬಿದ್ದರೆ ಮುಂದೆ ಬರಲು ನೆವವಿಲ್ಲ. ಇಬ್ಬರಿಗೂ ನಲವತ್ತು ದಾಟಿದೆ, ಹೊಸ ನೆವ ಹುಡುಕುವ ತ್ರಾಣವೂ ಇಲ್ಲ. ಬಸ್ಸಿನಲ್ಲಿ ನಿಂತೇ ಬಂದಿದ್ದರಂತೆ. ದಣಿದ ದನಿಯಲ್ಲಿ ಓದಿದರು: ‘ಶಿವರಾಜಪ್ಪನವರ ಒಬ್ಬಳೇ ಮಗಳು ಶೈಲಶ್ರೀ ಭಾಲ್ಕಿಯಲ್ಲಿ ಗಣಿತ ಶಿಕ್ಷಕಿ. ಅವಿವಾಹಿತೆ.’

ಓದಿ ಮುಗಿಸಿ ಪೆನ್ನು ಕೊಟ್ಟರು. ನಾನು ಸಹಿ ಹಾಕಲಿಲ್ಲ. ಕೊನೆಯ ಪದದ ಮೇಲೆ ಗೆರೆ ಎಳೆದೆ.

“ಇದು ತಪ್ಪದರಿ” ಅಂದೆ.

“ತಪ್ಪ ಹ್ಯಾಂಗ ಆಗ್ತದರಿ ಮೇಡಂ? ಖರೇನೇ ಅದಲ್ಲ.”

“ಇವತ್ತಿಗಿ ಖರೇ ಅದ. ಪುಸ್ತಕ ಬರೂದರಾಗ ಸುಳ್ಳ ಮಾಡ್ರಿ. ಇಲ್ಲದ ತಪ್ಪ ಹುಡುಕಿ ಹುಡುಕಿ ನನಗ ಸಾಕಾಗ್ಯದ.”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಲೇ ಕೂತರು. ನನಗೆ ಭಯವಾಯಿತು. ಇನ್ನು ಎದ್ದು ಹೋಗುತ್ತಾರೆ, ಭಾನುವಾರಗಳೂ ಹೋಗುತ್ತವೆ ಅಂದುಕೊಂಡೆ.

ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಎಂಟು ಪುಸ್ತಕಗಳಿಗೆ ಬೇರೆಯವರ ಸಹಿಯನ್ನಷ್ಟೇ ಕೇಳಿದ್ದ ಮನುಷ್ಯ, ನಾನು ಹೊಡೆದುಹಾಕಿದ ಪದದ ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಆಮೇಲೆ ಪೆನ್ನನ್ನು ನನ್ನತ್ತ ಚಾಚಿದರು.

“ಈಗ ನೀವು ಹಾಕ್ರಿ” ಅಂದರು.