ಉಸಿರು ತುಂಬಿದ ಕಾಲ್ಚೆಂಡು

ಬಹಳ ಹಿಂದೆ, ಸೂರ್ಯನಿಗಿನ್ನೂ ಹಾಲುಹಲ್ಲು ಉದುರಿರದ ಕಾಲದಲ್ಲಿ, ಕಂಚುಗಿರಿ ಎಂಬ ರಾಜ್ಯವಿತ್ತು. ನಂಬದವರು ನನ್ನ ಮೀಸೆಯನ್ನು ಕೇಳಿ, ಅದು ಹುಟ್ಟಿದ್ದೇ ಅಲ್ಲಿ.

ಕೋಟೆಯ ಕೆಳಗೆ ಒಂದು ಹಿಮದ ಗವಿ. ಅದರೊಳಗೆ ಶೀತಮಲ್ಲನೆಂಬ ಮಾಯಾವಿ. ಹುಟ್ಟಿದಾಗಿನಿಂದ ಬಿಸಿಲು ಕಂಡವನಲ್ಲ. ಅವನ ಬಳಿಯಿದ್ದ ತೊಗಲಿನ ಕಾಲ್ಚೆಂಡು, ಅವನು ಸನ್ನೆ ಮಾಡಿದೊಡನೆ ಗವಿಯ ಮುಂದೆ ಹಾದವರ ಉಸಿರನ್ನು ಹೀರಿಕೊಳ್ಳುತ್ತಿತ್ತು. ಉಸಿರು ಹೋದವರು ಸಾಯುತ್ತಿರಲಿಲ್ಲ. ಎದೆ ಏಳದೆ, ರೆಪ್ಪೆ ಬಡಿಯದೆ, ಮಾತಿಲ್ಲದೆ ಬೀದಿಯಲ್ಲಿ ನಡೆಯುತ್ತಿದ್ದರು. ಚೆಂಡಿಗೆ ಕಿವಿಗೊಟ್ಟರೆ ಅವರೆಲ್ಲ ಒಳಗೆ ಪಿಸುಗುಡುವುದು ಕೇಳುತ್ತಿತ್ತು.

ಕುಲುಮೆಯಲ್ಲಿ ತಿದಿ ಒತ್ತಿ ಬೆಂಕಿಗೆ ಗಾಳಿ ಊದುವ ಕೆಂಚವ್ವನ ಗಂಡ ಬೋರಣ್ಣನ ಉಸಿರೂ ಅದರಲ್ಲಿ ಸಿಕ್ಕಿಬಿತ್ತು. ಅವಳು ತಿದಿ ಹೊತ್ತು ಗವಿಗೆ ನಡೆದಳು.

“ನನ್ನ ಗಂಡನ ಉಸಿರು ಕೊಡು!”

“ಕೊಡೋಣವಂತೆ. ಇವತ್ತು ಮಧ್ಯಾಹ್ನ ರಾಜನ ಜೊತೆ ಆಟ. ಗೆದ್ದರೆ ಊರಿನ ಉಸಿರೆಲ್ಲ ನಂದು. ಚೆಂಡನ್ನ ಕಲ್ಲಿನ ಹಾಗೆ ಗಟ್ಟಿ ಮಾಡಿಕೊಡು. ಮೂರು ಸಲ ಒತ್ತಿ ನೋಡ್ತೀನಿ. ಮೂರನೇ ಸಲವೂ ಮೆತ್ತಗಿದ್ದರೆ ನಿನ್ನ ಉಸಿರೂ ಒಳಗೆ!”

ಕೆಂಚವ್ವ ಗಾಳಿ ತುಂಬಿದಳು. ಗವಿಯ ಚಳಿಗೆ ಚೆಂಡು ಕುಗ್ಗಿತು. ಮಾಯಾವಿ ಒತ್ತಿದ.

“ಥೂ, ಮೆತ್ತನೆ ಮುದ್ದೆ!” ಎಂದು ಅವಳ ನಗುವನ್ನು ಕಿತ್ತುಕೊಂಡ.

ಮತ್ತೆ ತುಂಬಿದಳು. ಹೊಲಿಗೆಗೆ ನೀರು ಸವರಿ ನೋಡಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಚೆಂಡು ಕುಗ್ಗಿತು.

“ನಿನ್ನ ತಿದಿಗೆ ಇಷ್ಟೇ ದಮ್ಮೇನೇ?” ಎಂದು ಅವಳ ದನಿಯನ್ನೂ ಕಿತ್ತುಕೊಂಡ.

ಆಗ ಕೆಂಚವ್ವನಿಗೆ ಹೊಳೆಯಿತು. ಗಾಳಿ ಸೋರುತ್ತಿಲ್ಲ, ಚಳಿಗೆ ಮುದುಡಿಕೊಂಡಿದೆ. ಕುಲುಮೆಯ ಕಾವಿಗೆ ಗಾಳಿ ಹೇಗೆ ಉಬ್ಬುತ್ತದೆಂದು ಅವಳು ದಿನಾ ಕಂಡಿದ್ದಳು. ಹೊರಗಿನ ಬಿಸಿಲಿನ ಬಗ್ಗೆ ಮಾಯಾವಿಯನ್ನು ಎಚ್ಚರಿಸೋಣವೆಂದರೆ ದನಿ ಎಲ್ಲಿದೆ? ಅವನೇ ಕಿತ್ತುಕೊಂಡಿದ್ದಾನಲ್ಲ!

ಮೂರನೇ ಸಲ ಹೊಲಿಗೆ ಕಿರುಗುಟ್ಟುವವರೆಗೆ ತುಂಬಿದಳು.

“ಭಲೇ, ಕಲ್ಲು!” ಎಂದ ಶೀತಮಲ್ಲ. ಕೆಂಚವ್ವ ಕೈಚಾಚಿದಳು. “ಆಟ ಮುಗೀಲಿ ತಡಿಯೇ,” ಎಂದು ನಕ್ಕು ಚೆಂಡನ್ನು ಎತ್ತಿಕೊಂಡು ಹೊರಟ.

ನೆತ್ತಿ ಸುಡುವ ಬಿಸಿಲು. ಬಯಲಿನ ಸುತ್ತ ಉಸಿರಿಲ್ಲದವರು ನೆರಳಿನಂತೆ ನಿಂತಿದ್ದರು. ಚೆಂಡು ಬಿಸಿಯಾಯಿತು. ಒಳಗಿನ ಪಿಸುಮಾತು ನರಳಾಟವಾಯಿತು, ನರಳಾಟ ಕೂಗಾಯಿತು. ಹೊಲಿಗೆಯ ದಾರಗಳು ಒಂದೊಂದಾಗಿ ಮಿಡಿದವು.

“ನೋಡ್ರೋ, ಇನ್ನೂ ಗಟ್ಟಿಯಾಯ್ತು!” ಎಂದು ಶೀತಮಲ್ಲ ಅದನ್ನು ಎದೆಗವಚಿಕೊಂಡ.

ಢಮಾರ್! ಆ ಸದ್ದಿಗೆ ಏಳು ರಾಜ್ಯಗಳ ಕೋಟೆಬಾಗಿಲು ತೆರೆದುಕೊಂಡವು. ಮೂರನ್ನು ನಾನೇ ಹೋಗಿ ಮುಚ್ಚಿಬಂದೆ. ಮಾಯಾವಿ ಇದ್ದ ಜಾಗದಲ್ಲಿ ಉಳಿದದ್ದು ಸುಕ್ಕುಗಟ್ಟಿದ ಒಂದು ಖಾಲಿ ಚೀಲ. ಉಸಿರುಗಳು ಸುಂಟರಗಾಳಿಯಂತೆ ಸುತ್ತಿ, ತಮ್ಮ ತಮ್ಮ ಎದೆಗಳನ್ನು ಹುಡುಕಿಕೊಂಡವು.

ಬೋರಣ್ಣನ ಎದೆ ಎದ್ದಿತು. “ಕೆಂಚೀ, ಅದ್ಯಾಕೆ ಹಾಗೆ ದಿಟ್ಟಿಸ್ತೀಯೆ? ನನಗೇನು ಕೊಂಬು ಬಂದಿದೆಯಾ?”

ನಗು, ದನಿ ಎರಡೂ ಮರಳಿ ಬಂದ ಕೆಂಚವ್ವ ಬಿದ್ದು ಬಿದ್ದು ನಕ್ಕಳು. ಕಂಚುಗಿರಿಯವರೆಲ್ಲ ಬಹುಕಾಲ ಎದೆ ತುಂಬ ಉಸಿರಾಡಿಕೊಂಡು ಸುಖವಾಗಿದ್ದರು.