ಹೊಸತೊಡಕಿನ ಸಾರು

ಯುಗಾದಿ ಕಳೆದು, ಬಾಡೂಟದ ಹೊಸತೊಡಕೂ ಮುಗಿದ ಮರುದಿನ ಬೆಳಿಗ್ಗೆ ಮಹಾದೇವಿ ಅಳುತ್ತಾ ಬಂದಾಗ ನಾನು ಮುನಿಯಕ್ಕನ ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ಮಾದನಾಯಕನಹಳ್ಳಿಯ ನಮ್ಮ ಬೀದಿಯವರು ಏನೇ ಆದರೂ ಮೊದಲು ಹುಡುಕಿಕೊಂಡು ಬರುವುದು ನನ್ನ ಹೊಲಿಗೆ ಅಂಗಡಿಯ ಮಹಡಿ ಮೇಲಿರುವ ಮುನಿಯಕ್ಕನನ್ನು. ಅವಳು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಅವಳ ಹಿಂದೆ ಅಲೆಯುವುದು ನನ್ನ ಕೆಲಸ, ಅಲೆಸಿದ್ದಕ್ಕೆ ಬೈಯುವುದೂ ನನ್ನದೇ ಕೆಲಸ.

"ಅಕ್ಕಾರ, ನನ್ನ ಗಂಡನ್ನ ನಿನ್ನಿ ಸಂಜಿಮುಂದ ಅರಣ್ಯ ಇಲಾಖೆಯವರು ಹಿಡಕೊಂಡು ಹೋದ್ರು ನೋಡ್ರಿ! ಇವತ್ತು ಮಧ್ಯಾಹ್ನ ಕೋರ್ಟಿಗೆ ಒಯ್ತಾರಂತ. ಜೈಲಾದ್ರ ನಾ ಏನ್ ಮಾಡ್ಲಿ?"

ಉತ್ತರ ಕರ್ನಾಟಕದಿಂದ ಬಂದ ಅವಳ ಗಂಡ ಬಸಲಿಂಗ ನಮ್ಮ ಬೀದಿ ಕೊನೆಯ ಗೋಡೌನಿನ ವಾಚ್‌ಮನ್. ಗೋಡೌನಿನ ಹಿಂದಿನ ಪೊದೆಯಲ್ಲಿ ತಂತಿಯ ಉರುಳು, ಮೊಲದ ಚರ್ಮ ಸಿಕ್ಕಿದ್ದವು. ಪಕ್ಕದ ಅವನ ಕೋಣೆಯಲ್ಲಿ ಮೊಲದ ಸಾರು, ಅರ್ಧ ಉಳಿದ ರಾಗಿಮುದ್ದೆ. ಮಹಾದೇವಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಜೀಪು ಬಾಗಿಲಲ್ಲಿತ್ತು.

"ಅವನು ಏನಂದ?" ಮೆಟ್ಟಿಲಿಳಿದು ಬಂದ ಮುನಿಯಕ್ಕ ಕೇಳಿದಳು.

"ತಲಿ ಕೆಳಗ ಹಾಕ್ಕೊಂಡು ಕುಂತಾರ್ರಿ. ಒಂದ ಮಾತೂ ಆಡವಲ್ರು."

"ನೀನೇನು ಮಾಡಿಟ್ಟು ಹೋಗಿದ್ದೆ?"

"ರೊಟ್ಟಿ, ಹೆಸರಕಾಳ ಪಲ್ಯ. ಮುದ್ದಿ ಮಾಡಾಕ ನನಗ ಬರಂಗಿಲ್ರಿ."

"ಇಲ್ಲಿ ನಿಮಗೆ ಅಂತ ಯಾರಿದ್ದಾರಮ್ಮ?"

"ಯಾರೂ ಇಲ್ರಿ. ಬಾಣಂತನದಾಗ ಈ ಓಣ್ಯಾಗಿನ ಅಜ್ಜಾರು ಹನುಮಂತಯ್ಯನವರ ಮನಿಯವ್ರು ಉಣ್ಣಾಕ ಕೊಟ್ಟು ಸಾಕಿದ್ರು, ಅಷ್ಟ."

ನನಗೆ ಸಿಟ್ಟು ನೆತ್ತಿಗೇರಿತು. "ಬೇಟೆ ಆಡೋ ಮುಖಾನಾ ಅದು? ಇಲಿ ಬಂದ್ರೆ ಬಾಗಿಲು ತೆಗೆದು ದಾರಿ ಬಿಡೋ ಪ್ರಾಣಿ!"

ಮುನಿಯಕ್ಕ ಗೋಡೌನಿನ ಹಿಂದೆ ಹೋಗಿ, ಮಂಡಿ ನೋವೆಂದು ಗೊಣಗುತ್ತಲೇ ಪೊದೆಯೊಳಗೆ ಬಗ್ಗಿದಳು. ಉರುಳಿನ ಗೂಟ ನೆಟ್ಟಿದ್ದು ಹಳೆಯ ಹೊಲದ ಬದುವಿನ ಮೇಲೆ. ಮೇಲೆಲ್ಲ ಲಾಂಟಾನ ಗಿಡ ಬದು ಕಾಣದಂತೆ ಮುಚ್ಚಿತ್ತು.

"ಶ್ಯಾಮಲಾ, ನಿನ್ನೆ ಮಟನ್ ಅಂಗಡಿ ಕ್ಯೂನಲ್ಲಿ ಯಾರ್ಯಾರಿದ್ರು?"

"ಯಾರಿರಲಿಲ್ಲ ಕೇಳು! ಇಡೀ ಬೀದೀನೇ ಬಿಸಿಲಲ್ಲಿ ಒಣಗ್ತಿತ್ತು. ಹನುಮಂತಯ್ಯನೋರೊಬ್ರು ಪುಣ್ಯವಂತ್ರು, ಆ ಕಡೆ ತಲೇನೂ ಹಾಕ್ಲಿಲ್ಲ. ಆದ್ರೂ ಮೊದ್ಲು ಮಸಾಲೆ ಘಮ್ ಅಂದಿದ್ದು ಅವರ ಮನೇಲೇ. ನಂಗೆ ಹೊಟ್ಟೆ ಉರೀತು."

ಮುನಿಯಕ್ಕ ಉಸಿರು ಬಿಟ್ಟಳು. ಅರಣ್ಯಾಧಿಕಾರಿ ಶಿವಶಂಕರ್ ಅವರಿಗೆ ಫೋನ್ ಮಾಡಿ, ಅವರನ್ನೂ ಬೀದಿಯವರನ್ನೂ ಹನುಮಂತಯ್ಯನವರ ಜಗುಲಿಗೆ ಕರೆಸಿದಳು.

"ಸಾರ್, ಮುದ್ದೆ ಕಟ್ಟೋಕೆ ಬಾರದ ಮನೇಲಿ ಮುದ್ದೆ ಸಿಕ್ತು. ಅಂದ್ರೆ ಊಟ ಯಾವುದೋ ನಮ್ಮೂರ ಮನೆಯಿಂದ ಹೋಗಿದೆ. ಹೊಸತೊಡಕಲ್ಲಿ ಹಂಚಿ ತಿನ್ನೋದು ನಮ್ಮ ಪದ್ಧತಿ. ಉರುಳು ಕಟ್ಟಿದ್ದು ಹಳೇ ಬದುವಿನ ಮೇಲೆ, ಮೊಲ ಅಲ್ಲೇ ಓಡಾಡೋದು. ಪೊದೆ ಕೆಳಗೆ ಬದು ಇದೆ ಅಂತ ಆ ಹೊಲ ಉತ್ತೋರಿಗೇ ಗೊತ್ತು. ನಿನ್ನೆ ಮಟನ್ ತರದೆ ಬಾಡಿನ ಸಾರು ಕಾಯಿಸಿದ್ದು ಒಂದೇ ಮನೆ, ಗೋಡೌನ್ ಬರೋ ಮುಂಚೆ ಆ ಹೊಲ ಉಳ್ತಿದ್ದ ಇದೇ ಮನೆ. ಇನ್ನು ಬಸಲಿಂಗ ಯಾಕೆ ಬಾಯಿ ಬಿಡಲಿಲ್ಲ? ಹೆಂಡ್ತಿ ಬಾಣಂತಿಯಾಗಿದ್ದಾಗ ಅನ್ನ ಹಾಕಿದೋರ ಹೆಸರು ಹೇಗೆ ಹೇಳ್ತಾನೆ?"

ಹನುಮಂತಯ್ಯ ಕಂಬ ಹಿಡಿದುಕೊಂಡರು. "ನಾನೇ ಕಣವ್ವಾ. ನಮ್ಮಪ್ಪ ವರ್ಸಾ ವರ್ಸಾ ಅದೇ ಬದುವಿನ್ ಮ್ಯಾಲೆ ಉರ್ಲು ಕಟ್ಟೋನು. ಮೊಮ್ಮಕ್ಳಿಗೂ ಒಂದ್ಕಿತ ಆ ರುಚಿ ತೋರ್ಸಾನಾ ಅನ್ನಿಸ್ತು. ಆ ಹುಡುಗನ್ನ ಜೀಪ್ ಅತ್ಸುವಾಗ ಇಂಗೆ ನಿಂತ್ಬುಟ್ಟೆ, ಬಾಯೇ ಬರ್ನಿಲ್ಲ."

"ಚರ್ಮ ನೋಡಿದೆ, ಅದು ಮರಿಗಳಿಗೆ ಹಾಲು ಕೊಡ್ತಿದ್ದ ಮೊಲ" ಎಂದರು ಶಿವಶಂಕರ್.

ಹನುಮಂತಯ್ಯನವರ ಕಣ್ಣಲ್ಲಿ ನೀರು ತುಂಬಿತು.

"ವಯಸ್ಸಾದೋರು ಸಾರ್, ಬಿಟ್ಬಿಡಿ" ಎಂದ ಎದುರುಮನೆಯ ಈಶಪ್ಪ.

ಮುನಿಯಕ್ಕ ತಿರುಗಿದಳು. "ನಿನ್ನೆ ಬಸಲಿಂಗನ್ನ ಎಳ್ಕೊಂಡು ಹೋಗುವಾಗ ಈ ಮಾತು ಯಾಕೆ ಬರಲಿಲ್ಲ ಈಶಪ್ಪ? ಊರೋರಿಗೆ ಕ್ಷಮೆ, ಹೊರಗಿನೋರಿಗೆ ಜೈಲಾ? ಹನುಮಂತಣ್ಣ, ಹೊಲ ನಿಮ್ಮದಾಗಿತ್ತು, ಒಪ್ಪಿದೆ. ಮೊಲ ಯಾರದು?"

ಹನುಮಂತಯ್ಯ ಚಪ್ಪಲಿ ಮೆಟ್ಟಿಕೊಂಡು, ತಾವೇ ಹೋಗಿ ಜೀಪು ಹತ್ತಿದರು. ನಾನೂ ಮುನಿಯಕ್ಕನೂ ಜೊತೆಯಲ್ಲಿ ಹೋದೆವು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಹೇಳಿಕೆ ಬರೆಸುವಾಗ ಅವರು ಒಂದು ಮಾತನ್ನೂ ಮುಚ್ಚಿಡಲಿಲ್ಲ. ಶಿಕ್ಷೆ ಎಷ್ಟೆಂದು ಕೋರ್ಟು ಹೇಳಬೇಕಿತ್ತು.

ಮಧ್ಯಾಹ್ನ ನಾವು ಬಸಲಿಂಗನನ್ನು ಮನೆಗೆ ಕರೆತಂದೆವು. ಮಹಾದೇವಿ ಅವನನ್ನು ಕಣ್ತುಂಬ ನೋಡಿದವಳೇ ಒಳಗೆ ಹೋಗಿ, ಡಬ್ಬಿಗೆ ಪಲ್ಯ ಹಾಕಿ, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಗಂಡನ ಬೈಕಿನ ಹಿಂದೆ ಕೂತಳು.

"ಎಲ್ಲಿಗೆ ಹೊರಟ್ರೇ?" ಎಂದೆ.

"ಅರಣ್ಯ ಆಫೀಸಿಗೆ, ಹನುಮಂತಯ್ಯನವ್ರ ಕಡೆ ಹೊಂಟೇವ್ರಿ. ತಪ್ಪಿಗೆ ಶಿಕ್ಷಾ ಆಗ್ಲಿ, ಆದ್ರ ಹಸದು ಕುಂದ್ರಬಾರದು."

ಮುನಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರಿಗೆ ಹಲ್ಲಿಲ್ಲ ಕಣೇ ಹುಡುಗಿ. ಪಲ್ಯದ ರಸದಲ್ಲಿ ನೆನೆಸಿ ಕೊಡು."