ದಿವ್ಯಶ್ರೀಯ ಹೆಸರಲ್ಲಿ ಬರೆದವನು

"ಮುಖ ನೋಡ್ದೇ ಕೆಲಸ ಕೊಡ್ತೀರಾ ಮೇಡಂ?"

ಆ ದನಿ ಕೇಳಿ ದಿವ್ಯಶ್ರೀ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ದನಿಯ ಹಿಂದೆ ಗಾಳಿ ಬೀಸುತ್ತಿತ್ತು, ದೂರದಲ್ಲೆಲ್ಲೋ ಕುರಿಗಳ ಕೊರಳಗಂಟೆ...

"ಮುಖ ಯಾಕ್ರಿ? ಸೀರೆ ಕೇಳೋರಿಗೆ ಸರಿಯಾಗಿ ಉತ್ತರ ಬರೆದ್ರೆ ಸಾಕು. ಅದೇನು ಸದ್ದು?"

"ನಮ್ಮೂರು ದೊಡ್ಡಉಳ್ಳಾರ್ತಿ ಗಾಳಿ ಮೇಡಂ. ಮನೇಲಿ ನೆಟ್‌ವರ್ಕ್ ಸಿಗಲ್ಲ, ಲ್ಯಾಪ್‌ಟಾಪ್ ತಗೊಂಡು ಕುರಿ ಮೇಯೋ ಕಾವಲಿನ ಅಂಚಿಗೆ ಬಂದ್ ಕೂತೀನಿ. ನಿಮ್ಮ ಕಡೆ ಅದೇನು, ಟಕ್ ಟಕ್ ಅಂತೈತೆ?"

"ಮಗ್ಗ!"

ಇಬ್ಬರೂ ನಕ್ಕುಬಿಟ್ಟರು. ಫೋನ್ ಮಾಡಿದ್ದ ಮಾರುತಿಗೆ ಕೆಲಸ ಗಟ್ಟಿಯಾಯಿತು. ಗಟ್ಟಿಯಾದದ್ದು ಕೆಲಸ ಮಾತ್ರ ಅಂತ ದಿವ್ಯಶ್ರೀ ಅಂದುಕೊಂಡಳು, ಪಾಪ!

ಮೊಳಕಾಲ್ಮೂರಿನಲ್ಲಿ ಅವಳ ತಂದೆ ತಿಪ್ಪೇರುದ್ರಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗಳು ಅದನ್ನು ಫೋನಿನಲ್ಲೇ ಊರೂರಿಗೆ ಮಾರುತ್ತಿದ್ದಳು. ಮೆಸೇಜುಗಳು ಮಿತಿಮೀರಿದಾಗ, ಮನೆಯಿಂದಲೇ ಕೆಲಸ ಮಾಡುವವರು ಬೇಕೆಂದು ಜಾಹೀರಾತು ಕೊಟ್ಟಿದ್ದಳು. ಷರತ್ತು ಒಂದೇ. ಉತ್ತರವೆಲ್ಲ ಅವಳ ಹೆಸರಲ್ಲೇ ಹೋಗಬೇಕು. ನೇಕಾರನ ಮಗಳೇ ಮಾತಾಡುತ್ತಾಳೆ ಎಂಬ ನಂಬಿಕೆಯ ಮೇಲೆ ಆ ವ್ಯಾಪಾರ ನಿಂತಿತ್ತು.

ದಿನಾ ಸಂಜೆ ಮಾರುತಿ ಫೋನ್ ಮಾಡಿ, ಯಾವ ಊರಿಗೆ ಯಾವ ಸೀರೆ ಹೋಯಿತೆಂದು ಲೆಕ್ಕ ಒಪ್ಪಿಸುತ್ತಿದ್ದ. ಜನರೊಡನೆ ಅವನು ಏನು ಮಾತಾಡುತ್ತಾನೆಂದು ಅವಳು ಕೇಳಲೂ ಇಲ್ಲ, ನೋಡಲೂ ಇಲ್ಲ. ಅವಳಿಗೆ ಬೇಕಾಗಿದ್ದು ಆ ದನಿ, ಅದರ ಹಿಂದಿನ ಗಾಳಿ! ಕಣ್ಣು ಮುಚ್ಚಿದರೆ ಸಾಕು, ತಾನು ಕಂಡೇ ಇರದ ಹುಲ್ಲುಗಾವಲಿನಲ್ಲಿ ಬರಿಗಾಲಲ್ಲಿ ನಡೆಯುತ್ತಿರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು. ಚಳ್ಳಕೆರೆಯ ಶೈಲಜಮ್ಮ! ಸೀರೆಗೆಂದು ಆಗಾಗ ಮೆಸೇಜ್ ಮಾಡುವ ಹಳೇ ಗಿರಾಕಿ. ಕೈಯಲ್ಲಿ ಹೂವು, ಹಣ್ಣು.

"ಸೀರೆಗೆ ಬಂದಿಲ್ಲಮ್ಮ, ನಿನ್ನನ್ನೇ ಕೇಳಕ್ಕೆ ಬಂದೀನಿ, ನನ್ನ ಮಗನಿಗೆ! ಆಪರೇಷನ್ ಆಗಿ ಮಲಗಿದ್ದಾಗ ದಿನಾ ಕೇಳ್ತಿದ್ದೆಯಲ್ಲ, ಊಟ ಆಯ್ತಾ ಅಮ್ಮಾ ಅಂತ... ಹೆತ್ತ ಮಗನೂ ಹಂಗೆ ಕೇಳ್ಲಿಲ್ಲ ಕಣೇ."

ದಿವ್ಯಶ್ರೀ ಕಕ್ಕಾಬಿಕ್ಕಿಯಾದಳು. ತಂದೆಯ ಮುಖವಂತೂ ಅರಳಿಹೋಗಿತ್ತು. ಕಾಫಿ ತರುವ ನೆಪದಲ್ಲಿ ಹಿತ್ತಲಿಗೆ ಓಡಿ ಫೋನ್ ಹಚ್ಚಿದಳು.

"ಮಾರುತಿ! ನನ್ನ ಹೆಸರಲ್ಲಿ ಏನೇನ್ ಬರೆದ್ರಿ? ಶೈಲಜಮ್ಮ ಹೆಣ್ಣು ಕೇಳಕ್ಕೆ ಬಂದವ್ರೆ!"

ಆ ಕಡೆ ಗಾಳಿ ಜೋರಾಗಿತ್ತು. ಅದರ ನಡುವೆ ಅವನ ದನಿ ಮೆಲ್ಲಗೆ ಬಂತು, "ಒಳ್ಳೆ ಜನ ಮೇಡಂ... ಒಪ್ಕೊಳ್ಳಿ."

"ಅಷ್ಟೇನಾ?"

"ಇನ್ನೇನ್ ಹೇಳ್ಲಿ? ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಫೋನ್ ಕಟ್ಟಾಯಿತು.

'ಅಂದ್ರೆ ಇಷ್ಟು ದಿನ ಅವನಿಗೆ ಇದು ಬರೀ ಕೆಲಸ!' ಅವಳ ಕಣ್ಣು ತುಂಬಿ ಬಂತು.

ಒಳಗೆ ಅವಳೊಂದು ತಲೆಯಾಡಿಸಿದರೆ ಸಾಕಿತ್ತು, ಮದುವೆ ನಿಶ್ಚಯ. ನಿಜ ಹೇಳಿದರೆ ವ್ಯಾಪಾರದ ಹೆಸರು ಮಣ್ಣುಪಾಲು. ಆದರೆ ಇನ್ನೊಬ್ಬರ ಮಾತಿನ ಮೇಲೆ ಸಂಸಾರ ಹೂಡುವುದು ಹೇಗೆ? ಒಳಗೆ ಬಂದು ಶೈಲಜಮ್ಮನಿಗೆ ಕೈ ಮುಗಿದಳು.

"ಅಮ್ಮಾ, ತಪ್ಪಾಯ್ತು. ಅದನ್ನೆಲ್ಲ ಬರೆದಿದ್ದು ನಾನಲ್ಲ. ಕೆಲಸಕ್ಕೆ ಇಟ್ಕೊಂಡಿದ್ದ ದೊಡ್ಡಉಳ್ಳಾರ್ತಿ ಹುಡುಗ."

"ಏಮ್ಮಾ ಇದಿ!" ಇದೇನಮ್ಮಾ ಎಂದು ತಿಪ್ಪೇರುದ್ರಪ್ಪ ತಮ್ಮ ಮನೆಮಾತಾದ ತೆಲುಗಿನಲ್ಲೇ ಗದರಿದರು.

ಶೈಲಜಮ್ಮನ ಮುಖ ಬಾಡಿತು. ಆದರೆ ಹುಡುಗಿಯ ಒದ್ದೆ ಕಣ್ಣು ಅವರ ಗಮನಕ್ಕೆ ಬಂತು.

"ಅದ್ಸರಿ, ಅದಕ್ಕೆ ನೀನ್ಯಾಕೆ ಅಳ್ತೀಯಾ?"

"ಅವ್ರು ಕೆಲಸ ಬಿಟ್ಟೋದ್ರು ಅಮ್ಮಾ..." ಎನ್ನುವಷ್ಟರಲ್ಲಿ ಬಿಕ್ಕಳಿಕೆ ಬಂದೇ ಬಂತು.

ಬುದ್ಧಿವಂತ ಹೆಂಗಸು, ಮತ್ತೇನೂ ಕೇಳಲಿಲ್ಲ. ತಂದ ಹೂವನ್ನು ಅವಳ ಜಡೆಗೇ ಮುಡಿಸಿದರು. "ಏಳು. ದೊಡ್ಡಉಳ್ಳಾರ್ತಿ ನಮ್ಮ ಕಡೆಯೇ. ಚಳ್ಳಕೆರೆವರೆಗೂ ನಮ್ಮ ಕಾರಲ್ಲೇ ಬಾ."

ದಿವ್ಯಶ್ರೀ ತಂದೆಯ ಕಡೆ ನೋಡಿದಳು. "ನಾಯ್ನಾ...?"

ಅವರು ಹೆಗಲ ಮೇಲಿನ ವಲ್ಲಿಯಿಂದ ಮಗಳ ಕಣ್ಣೀರು ಒರೆಸಿದರು. "ಹೋಗಿ ಬಾ. ಆ ಹುಡುಗನ್ನ ಇಲ್ಲಿಗೆ ಕರ್ಕೊಂಡ್ ಬಾ. ಮುಂದಿನ ಮಾತು ನಾನ್ ಆಡ್ತೀನಿ."

ಚಳ್ಳಕೆರೆಯಿಂದ ಆಟೋ ಹಿಡಿದು ಕಾವಲಿನ ಅಂಚಿಗೆ ಬಂದಾಗ ಬಿಸಿಲು ಇಳಿದಿತ್ತು. ಕಣ್ಣು ಹಾಯುವಷ್ಟು ದೂರ ಹೊಂಬಣ್ಣದ ಹುಲ್ಲು ತೂಗಾಡುತ್ತಿತ್ತು. ಕನಸಿಗಿಂತ ಚೆನ್ನಾಗಿತ್ತು! ಜಾಲಿ ಮರದಡಿ ಒಬ್ಬ ತೆಳ್ಳಗಿನ ಹುಡುಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಿದ್ದ.

"ಮಾರುತಿ..."

ಆ ದನಿಗೆ ಅವನು ಬೆಚ್ಚಿ ಎದ್ದ. "ಮೇಡಂ! ನೀವು... ಇಲ್ಲಿ?"

"ಒಪ್ಕೊಳ್ಳಿ ಅಂದ್ರಲ್ಲ, ಹೆಂಗೆ ಬಾಯಿ ಬಂತು?"

"ಇನ್ನೊಂದು ಮಾತಾಡಿದ್ರೆ ಅತ್ತೇ ಬಿಡ್ತಿದ್ದೆ. ಅದ್ಕೇ ಫೋನ್ ಇಟ್ಟೆ."

"ಅವರು ಮೆಚ್ಚಿದ್ದು ನಿಮ್ಮ ಮಾತನ್ನ, ನನ್ನನ್ನಲ್ಲ. ಎಲ್ಲರೆದುರು ಹೇಳಿ ಬಂದೆ."

ಮಾರುತಿ ಅಲ್ಲವೆಂದು ತಲೆಯಾಡಿಸಿದ. "ನನ್ನ ಮಾತಲ್ಲ ಅವು. ಮೊದಮೊದಲು ಏನ್ ಬರೀಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ. ನೀವಾಗಿದ್ರೆ ಏನಂತಿದ್ರಿ ಅಂತ ನೆನೆಸ್ಕೊಂಡು ಬರೀತಿದ್ದೆ. ದಿನಾ ನನ್ನನ್ನ ಕೇಳ್ತೀರಲ್ಲ, ಊಟ ಆಯ್ತಾ ಮಾರುತಿ ಅಂತ... ಅದನ್ನೇ ಬರೆದೆ. ಅವ್ವ ಹೋದ್ಮೇಲೆ ನನ್ನನ್ನ ಹಂಗೆ ಕೇಳ್ದೋರು ನೀವೊಬ್ರೇ."

ದಿವ್ಯಶ್ರೀ ಜಡೆಯ ಹೂವನ್ನು ಮುಟ್ಟಿಕೊಂಡಳು.

"ಹಂಗಾದ್ರೆ... ಅವರು ಮೆಚ್ಚಿದ್ದು ನನ್ನನ್ನೇನಾ?"

"ಹೂಂ. ಆದ್ರೆ ಅವರಿಗಿಂತ ಮುಂಚೆ ನಾನು ಮೆಚ್ಚೀನಿ, ದಿವ್ಯಾ."

"ಗಾಳಿ... ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ರಿ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು!

"ಹತ್ರ ಬಂದು ಹೇಳ್ಲಾ?"

"ಬನ್ನಿ..."